ದಸ್ತಗೀರ್ ಮಾಸ್ತರರ ಕಪಾಟು

ದಸ್ತಗೀರ್ ಸಾಹೇಬರಿಗೆ,

ನಿಜಾಮರ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಆ ಪೊಲೀಸ್ ಆಕ್ಷನ್ನಿನ ವಾರ ಮಕ್ತಲ್ ಬಿಟ್ಟು ನೀವು ಎಲ್ಲಿಗೆ ಹೋದಿರೋ ಯಾರಿಗೂ ಗೊತ್ತಿಲ್ಲ. ಹೊರಡುವ ಮುಂಚೆ ನಮ್ಮ ಬಾಗಿಲು ಬಡಿದಿರಿ. ನಾನು ತೆರೆದಿದ್ದರೆ ವಿಳಾಸವನ್ನಾದರೂ ಕೇಳಬಹುದಿತ್ತು.

ಇವತ್ತು ನಮ್ಮ ಶಾಲೆಯಲ್ಲಿ ಸಭೆ ನಡೆಯಿತು. ಊರಿನ ಹೊಸ ಕಮಿಟಿಯ ಅಧ್ಯಕ್ಷ ಭೀಮಯ್ಯ ಶಾಲೆಗೆ ತೇಗದ ಕಪಾಟು ದಾನ ಕೊಟ್ಟ. ಅದು ನಿಮ್ಮದು. ಬಾಗಿಲ ಮೇಲೆ ನೀವು ಉರ್ದುವಿನಲ್ಲಿ ಕೊರೆದಿದ್ದ ಹೆಸರನ್ನು ಕೆರೆದಿದ್ದರೂ ಗುರುತು ಉಳಿದಿತ್ತು.

ನೇಕಾರ ಸಾಯಣ್ಣನ ಮಗಳು ಸುಗುಣಮ್ಮ, ನೀವು ಉರ್ದುವಿನ ಅಲಿಫ್ ಬೇ ಕಲಿಸಿದ ಹುಡುಗಿ, ಎದ್ದು ನಿಂತಳು.

"ಇದು ದಸ್ತಗೀರ್ ಮಾಸ್ತರ ಮನ್ಯಾಗಿಂದು ಐತಲ್ರೀ," ಅಂದಳು.

ಭೀಮಯ್ಯ ನಕ್ಕ. "ಬಿಟ್ಟು ಓಡಿದವ್ರದು ಊರಿಂದೇ ಆಗತೈತಿ, ತಂಗಿ. ಹೌದಲ್ರೀ ವಾದಿರಾಜ ಮಾಸ್ತರ?"

ಅವನ ಬಾಯಿಂದ ಸುರಿದ ಎಲೆಯಡಿಕೆಯ ರಸ ಕೊರಳಿಗೆ ಇಳಿಯುತ್ತಿತ್ತು. ಹೌದೆಂದು ತಲೆಯಾಡಿಸಿದೆ. ಅದೇ ಕೊರಳಿಗೆ ಹಾರ ಹಾಕಿದೆ. ಹುಡುಗಿ ಇನ್ನೂ ನಿಂತೇ ಇದ್ದಳು. ಭುಜ ಒತ್ತಿ ಕೂರಿಸಿದೆ.

"ಚಪ್ಪಾಳಿ ಹೊಡೀರಿ," ಎಂದು ಮಕ್ಕಳಿಗೆ ಹೇಳಿದವನೂ ನಾನೇ. ಎಲ್ಲರೂ ಹೊಡೆದರು. ಸುಗುಣಮ್ಮ ಮಾತ್ರ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಭೀಮಯ್ಯನನ್ನಲ್ಲ, ನನ್ನನ್ನೇ ನೋಡುತ್ತ ಕೂತಿದ್ದಳು.