ಮದ್ದಿನಜ್ಜನ ವೇಷದಲ್ಲಿ ಬಂದವನಿಗೆ

ಮೊಂತೆವಿದೆಯೊ, ಪಲೆರ್ಮೊ ಕೇರಿ
13 ಫೆಬ್ರವರಿ 2006, ಸೋಮವಾರ

ಅನಿಬಾಲ್,

ಹೆಸರಿನ ಮುಂಚೆ ‘ಪ್ರೀತಿಯ’ ಎಂದು ಬರೆದಿದ್ದೆ. ಕೈಗೆ ಹಳೆಯ ಅಭ್ಯಾಸ. ಆ ಹಾಳೆ ಹರಿದುಹಾಕಿ ಬೇರೆ ತೆಗೆದುಕೊಂಡೆ. ಪತ್ರ ಎಂದ ಮೇಲೆ ಮೊದಲು ಕ್ಷೇಮ ಕೇಳಬೇಕು. ನೀನು ಕ್ಷೇಮವಾಗಿದ್ದೀಯ ಎನ್ನುವುದೇ ಈಗ ನನಗೆ ಬಂದಿರುವ ಕಷ್ಟ.

ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ. ಮಾತೆ ಚಹಾದ ಎಲೆಗೆ ಬಿಸಿನೀರು ಹೊಯ್ದು ಕುಡಿಯುವುದನ್ನೇ ಮರೆತು ಕೂತಿರುತ್ತೇನೆ. ಯಾರಾದರೂ ಹಿಂದಿನಿಂದ ಕರೆದರೆ ನೀನೇ ಇರಬೇಕೆಂದು ತಿರುಗಿ ನೋಡುತ್ತೇನೆ. ಮೂವತ್ತು ವರ್ಷ ಯಾರಿಗಾಗಿ ಅತ್ತೆನೋ ಆ ಗಂಡ ಗುರುವಾರ ಸಂಜೆ ಬೀದಿಯಲ್ಲಿ ಎದುರಿಗೆ ಬಂದು ಕುಣಿದರೆ ಇನ್ನೇನಾಗುತ್ತದೆ ಹೇಳು.

ಮೊಣಕಾಲು ಊದಿದೆ, ಈ ವರ್ಷ ಕಾರ್ನಿವಲ್ ಮೆರವಣಿಗೆಯಲ್ಲಿ ಮದ್ದಿನಜ್ಜನ ವೇಷ ಹಾಕಲಾರೆ, ಗಡಿಯ ಊರು ರಿವೇರಾದಿಂದ ಬಂದ ಗೆಳೆಯನೊಬ್ಬನನ್ನು ಕಳಿಸುತ್ತೇನೆ ಎಂದು ನಮ್ಮ ತಂಡದ ಫ್ಲೋರೆಂಸಿಯೊ ಹೇಳಿಕಳಿಸಿದ. ಬರಲಿ ಎಂದೆ. ಹುಡುಗರು ಬೀದಿಯಲ್ಲಿ ಪೇಪರು ಸುಟ್ಟು ಡೋಲಿನ ಚರ್ಮ ಕಾಯಿಸುತ್ತಿದ್ದರು. ನೀನು ಬೆಂಕಿಯಿಂದ ದೂರ ನಿಂತಿದ್ದೆ. ಎತ್ತರದ ಟೋಪಿ, ಕಪ್ಪು ಕನ್ನಡಕ, ಎದೆಯವರೆಗೆ ಹತ್ತಿಯ ಗಡ್ಡ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬೇರುನಾರಿನ ಪೆಟ್ಟಿಗೆ. ಹೊಸಬ, ನಾಚಿಕೆ ಅಂದುಕೊಂಡು ನಾನು ನನ್ನ ಹಿರಿಯಮ್ಮನ ವೇಷದ ಲಂಗ ಸರಿಮಾಡಿಕೊಳ್ಳುತ್ತಿದ್ದೆ.

ಡೋಲು ಶುರುವಾಯಿತು. ಎರಡನೆಯ ತಿರುವಿನಲ್ಲಿ ನೀನು ನನಗೆ ಬಗ್ಗಿ ನಮಸ್ಕರಿಸಿ ನಡುಗಲು ಶುರುಮಾಡಿದೆ. ಮುದುಕನ ನಡುಕ. ಎಲ್ಲ ಮದ್ದಿನಜ್ಜಂದಿರೂ ನಡುಗುತ್ತಾರೆ, ಒಬ್ಬೊಬ್ಬರದು ಒಂದೊಂದು ಥರ. ನಿನ್ನದು ಮೂರು ನಡುಕ, ಆಮೇಲೆ ಎಡಗಾಲು ಹಿಂದಕ್ಕೆ ಎಳೆದು ಒಂದು ಉಸಿರಿನಷ್ಟು ಹೊತ್ತು ಮೈಯೆಲ್ಲ ನಿಂತುಹೋಗುವುದು, ಮತ್ತೆ ಕೋಲಿನ ಮೇಲೆ ಬೀಳುವುದು. ನಿನ್ನಜ್ಜ ನಿನಗೊಬ್ಬನಿಗೇ ಕಲಿಸಿದ್ದು ಅದು. ನಮ್ಮ ಕೇರಿಯ ಮಕ್ಕಳಿಗೆ ಕಲಿಸಲು ನಾನು ಹತ್ತು ವರ್ಷ ಒದ್ದಾಡಿ ಸೋತದ್ದೂ ಅದೇ. ಮುಖಕ್ಕೆ ಗಡ್ಡ ಕಟ್ಟಿಕೊಂಡೆಯಲ್ಲ ಮಾರಾಯ, ಕಾಲಿಗೆ ಏನು ಕಟ್ಟಿಕೊಂಡಿದ್ದೆ?

ಅಲ್ಲೇ ನಿಂತು ಚೀರಬೇಕಿತ್ತು. ಬೀಸಣಿಗೆಯಿಂದ ನಿನ್ನ ಟೋಪಿ ಹಾರಿಸಬೇಕಿತ್ತು. ನಾನು ಕುಣಿದೆ. ಸೊಂಟದ ಮೇಲೆ ಕೈಯಿಟ್ಟು, ಬೀಸಣಿಗೆ ಬೀಸುತ್ತಾ, ನೀನು ಕುಸಿದಾಗಲೆಲ್ಲ ಎತ್ತಿ ನಿಲ್ಲಿಸುತ್ತಾ ಬೀದಿಯ ಕೊನೆಯವರೆಗೂ ಕುಣಿದೆ. ಬಾಲ್ಕನಿಯ ಮೇಲಿನವರು ಹೂ ಎಸೆದರು. ಮುಚ್ಚಿಟ್ಟು ಏನು ಪ್ರಯೋಜನ, ಮೊದಲ ಮೂರು ತಿರುವು ನನಗೆ ಸಂತೋಷವೇ ಆಗಿತ್ತು. ಇದ್ದಾನೆ, ಇದ್ದಾನೆ ಎಂದು ಮೈಯೆಲ್ಲ ಹೇಳುತ್ತಿತ್ತು. ಇಷ್ಟು ವರ್ಷ ಎಲ್ಲಿದ್ದ ಎನ್ನುವ ಪ್ರಶ್ನೆ ನಾಲ್ಕನೆಯ ತಿರುವಿಗೆ ಬಂತು.

ಬಾವುಟ ತುಂಬುವ ಲಾರಿಯ ಹಿಂದೆ ನೀನು ಗಡ್ಡ ಇಳಿಸಿದೆ. ಒಳಗೆ ಒಬ್ಬ ದಪ್ಪ ಮುದುಕ. “ನೀನಿನ್ನೂ ಕುಣೀತೀಯಾ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ ಇಸೌರಾ” ಎಂದೆ, ಪಕ್ಕದ ಬೀದಿಯಿಂದ ಎದ್ದು ಬಂದವನ ಹಾಗೆ. ಆಗಿನ ಮಿಲಿಟರಿ ಆಡಳಿತದ ಸಿಪಾಯಿಗಳು ನಿನ್ನನ್ನು ಯಾವ ಠಾಣೆಯಲ್ಲಿಟ್ಟಿದ್ದರು ಎಂದು ನಾನು ಕೇಳಿದೆ. ಯಾರೂ ಹಿಡಿದಿರಲಿಲ್ಲವಂತೆ. ಹಿಡಿಯಬಹುದು ಎಂದು ಹೆದರಿ ರಿವೇರಾ ಬಸ್ಸು ಹತ್ತಿದೆಯಂತೆ. ಅಲ್ಲೊಬ್ಬಳು ಸಿಕ್ಕಳಂತೆ, ಇಬ್ಬರು ಗಂಡುಮಕ್ಕಳಂತೆ, ಫ್ಯಾನು ರಿಪೇರಿ ಅಂಗಡಿಯಂತೆ. ಗೋಡೆಯ ಮೇಲೆ ನಿನ್ನ ಮುಖ ಬರೆದಿದ್ದೇವೆ, ನೋಡಿದೆಯಾ ಎಂದೆ. “ನೋಡ್ದೆ. ಮೂಗು ಸ್ವಲ್ಪ ದಪ್ಪ ಆಗಿದೆ, ಅಷ್ಟೇ.”

ಆಮೇಲೆ ನನ್ನ ಭುಜ ತಟ್ಟಿ ಇನ್ನೊಂದು ಮಾತು ಹೇಳಿದೆ. “ಸತ್ತೋನು ಸತ್ತೋನಾಗೇ ಇರ್ಲಿ ಬಿಡು, ಎಲ್ರಿಗೂ ಒಳ್ಳೇದು. ಮುಂದಿನ ವಾರ ಶುಕ್ರವಾರ ನಾನು ಬಸ್ ಹತ್ತಿಬಿಡ್ತೀನಿ.” ಈ ಪತ್ರ ಆ ಮಾತಿಗೆ ಉತ್ತರ.

ನೀನು ಸತ್ತು ಏನೇನು ಮಾಡಿದ್ದೀಯ ಗೊತ್ತೇನು? ಹಳೆಯ ಬೇಕರಿಯ ಮುಂದೆ ನಾವು ಮೂರು ವರ್ಷ ಡೋಲು ಬಾರಿಸಿ ಕೂತು ಆ ಕಟ್ಟಡ ಪಡೆದೆವು. ಬಾಗಿಲ ಮೇಲೆ ನಿನ್ನ ಹೆಸರಿದೆ. ನಲವತ್ತು ಮಕ್ಕಳು ಅಲ್ಲಿ ನಮ್ಮ ಡೋಲು ಕುಣಿತ ಕಂದೊಂಬೆ ಕಲಿಯುತ್ತಾರೆ. ವಠಾರಗಳಿಂದ ಹೊರಹಾಕಿದ ನಮ್ಮ ಜನಕ್ಕೆ ಮನೆ ಕೊಡಿ ಎಂಬ ಅರ್ಜಿಗಳನ್ನೆಲ್ಲ ಆ ಬೇಕರಿಯ ಹಳೆಯ ಒಲೆಯ ಪಕ್ಕ ಕೂತೇ ಬರೆದದ್ದು. ಕರಿಯರೂ ಈ ದೇಶದಲ್ಲಿದ್ದೇವೆ, ನಮ್ಮನ್ನೂ ಎಣಿಸಿ ಎಂದು ಸಂಸತ್ತಿನ ಮೆಟ್ಟಿಲಿನವರೆಗೆ ಕುಣಿದುಕೊಂಡು ಹೋದಾಗ ಮುಂದೆ ಇದ್ದದ್ದು ನಿನ್ನ ಫೋಟೊ. ಮೇ ತಿಂಗಳ ಮೌನ ಮೆರವಣಿಗೆಯ ಕೊನೆಗೆ, ಸಿಪಾಯಿಗಳು ಹಿಡಿದೊಯ್ದು ಕಾಣೆಯಾದವರ ಹೆಸರು ಕೂಗುತ್ತಾರೆ. ಅನಿಬಾಲ್ ಎಂದಾಗ ಸಾವಿರಾರು ಜನ ‘ಇದ್ದಾನೆ’ ಎನ್ನುತ್ತಾರೆ. ಅವರು ಹಾಗೆನ್ನುವಾಗ ನೀನು ನಿಜವಾಗಿಯೂ ಇದ್ದೆ, ಯಾರದೋ ಫ್ಯಾನಿಗೆ ಎಣ್ಣೆ ಬಿಡುತ್ತಾ.

ನನ್ನ ಮಾನ ಹೋದರೆ ಹೋಗಲಿ, ಐವತ್ತೇಳು ವರ್ಷಕ್ಕೆ ಅದನ್ನಿಟ್ಟುಕೊಂಡು ಏನು ಮಾಡಲಿ. ಆದರೆ ರೇಡಿಯೊದಲ್ಲಿ ಒಬ್ಬ ದಿನಾ ಬೆಳಗ್ಗೆ ಕೂತು, ಕಾಣೆಯಾದವರು ಎಂಬುದೆಲ್ಲ ಬೊಗಳೆ, ಅವರೆಲ್ಲ ಹೊರದೇಶದಲ್ಲಿ ಹಾಯಾಗಿದ್ದಾರೆ ಎನ್ನುತ್ತಾನೆ. ಅವನಿಗೆ ನಿನ್ನಂಥ ಒಬ್ಬ ಸಿಕ್ಕಿದರೆ ಸಾಕು. ನಿಜವಾಗಿ ಹೋದವರನ್ನೆಲ್ಲ ನಿನ್ನ ಲೆಕ್ಕಕ್ಕೇ ಸೇರಿಸಿಬಿಡುತ್ತಾನೆ. ದೆಲ್ಮಾಳ ಒಸ್ಮಾರ್‌ನನ್ನೂ.

ದೆಲ್ಮಾ ನೆನಪಿರಬೇಕು, ವಠಾರದಲ್ಲಿ ನಮ್ಮ ಎದುರು ಕೋಣೆಯವಳು. ಹತ್ತೊಂಬತ್ತು ವರ್ಷದ ಮಗನನ್ನು ಅವಳ ಕಣ್ಣೆದುರೇ ಕೂದಲು ಹಿಡಿದು ಎಳೆದುಕೊಂಡು ಹೋದರು. ನೀನು ಕಾಣೆಯಾದದ್ದು ಅದರ ಮರುವಾರ. ಠಾಣೆಯ ಗೇಟಿನಲ್ಲಿ ನಾವಿಬ್ಬರೂ ಬಟ್ಟೆಗಂಟು ಹಿಡಿದು ನಿಲ್ಲುತ್ತಿದ್ದೆವು, ಒಂದೇ ರೊಟ್ಟಿ ಮುರಿದು ತಿನ್ನುತ್ತಿದ್ದೆವು. ಅವಳು ಮಗ ಬರುತ್ತಾನೆ ಎಂದು ಕಾದವಳಲ್ಲ. ಮೂಳೆ ಕೊಡಿ, ಹೂಳುತ್ತೇನೆ, ಇಷ್ಟೇ ಅವಳು ಮೂವತ್ತು ವರ್ಷದಿಂದ ಕೇಳುತ್ತಿರುವುದು. ಧೈರ್ಯ ಎಂದರೆ ಏನೆಂದು ನಾನು ಅವಳನ್ನು ನೋಡಿ ಕಲಿತೆ.

ಈಗ ನನ್ನ ತಪ್ಪು. ನೀನು ಹೋದ ದಿನ ನಿನ್ನ ಕ್ಷೌರದ ಕತ್ತಿ ಗೂಡಿನಲ್ಲಿರಲಿಲ್ಲ. ಹೊಸ ಬೂಟೂ ಇರಲಿಲ್ಲ. ಹಿಡಿದೊಯ್ದವರು ಯಾರಿಗಾದರೂ ಗಡ್ಡ ಕೆರೆದುಕೊಳ್ಳಲು ಕತ್ತಿ ತೆಗೆದುಕೋ ಎನ್ನುತ್ತಾರೆಯೇ? ಅದನ್ನೂ ಅವರೇ ದೋಚಿದರು ಎಂದು ದೆಲ್ಮಾಗೆ ಹೇಳಿದೆ. ಹೇಳಿ ಹೇಳಿ ನನಗೂ ಅದೇ ನಿಜವಾಯಿತು. ಗಂಡ ಬಿಟ್ಟುಹೋದವಳಾಗುವುದಕ್ಕಿಂತ ಗಂಡನನ್ನು ಕಳೆದುಕೊಂಡವಳಾಗುವುದು ನನಗೆ ಹಗುರವಾಗಿತ್ತು. ನಿನ್ನ ಸಾವಿನಲ್ಲಿ ನನ್ನದೂ ಪಾಲಿದೆ.

ಆದ್ದರಿಂದ ನೀನು ಸತ್ತವನಾಗಿ ಉಳಿಯುವ ಹಾಗಿಲ್ಲ. ಶನಿವಾರ ಬೇಕರಿಯಲ್ಲಿ ಸಭೆಯಿದೆ. ಆ ರೇಡಿಯೊದವನ ಬಾಯಿಂದ ಬರುವ ಮೊದಲು ನನ್ನ ಬಾಯಿಂದಲೇ ಹೇಳುತ್ತೇನೆ. ಹೆಸರಿನ ಹಲಗೆಯನ್ನು ನಾನೇ ಇಳಿಸುತ್ತೇನೆ. ಅದಕ್ಕೂ ಮುಂಚೆ, ನಾಳೆ, ದೆಲ್ಮಾಗೆ ಹೇಳಬೇಕು. ಅವಳು ಮುಖಕ್ಕೆ ಉಗಿದರೆ ಒರೆಸಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ವಿಧವೆಯೂ ಅಲ್ಲದ, ಹೆಂಡತಿಯೂ ಅಲ್ಲದ
ಇಸೌರಾ

ಮ.ಸ.: ಬುಧವಾರ ಬೆಳಗ್ಗೆ ಸೇರಿಸುತ್ತಿದ್ದೇನೆ. ಈ ಪತ್ರವನ್ನು ಅಂಚೆಗೆ ಹಾಕದೆ ನೀನಿಳಿದಿರುವ ಮನೆಗೆ ಫ್ಲೋರೆಂಸಿಯೊನ ಕೈಯಲ್ಲೇ ಕಳಿಸುತ್ತೇನೆ.

ನಿನ್ನೆ ದೆಲ್ಮಾಗೆ ಎಲ್ಲ ಹೇಳಿದೆ, ಕ್ಷೌರದ ಕತ್ತಿಯದನ್ನೂ. ಅವಳು ಉಗಿಯಲಿಲ್ಲ, ಬೈಯಲೂ ಇಲ್ಲ. ನೀರು ಕೇಳಿ ಕುಡಿದಳು. ಆಮೇಲೆ ಒಸ್ಮಾರ್‌ನ ಫೋಟೊ ಇಳಿಸಿ ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಒರೆಸಿದಳು. “ಈಗವನಿಗೆ ನಲವತ್ತೊಂಬತ್ತು. ಗಡ್ಡ ಗಿಡ್ಡ ಬಿಟ್ಕೊಂಡಿದ್ರೆ ನಂಗೂ ಗುರುತು ಸಿಗ್ತಿರ್ಲಿಲ್ವೇನೋ ಕಣೇ” ಎಂದಳು. ಎಳೆದುಕೊಂಡು ಹೋದದ್ದನ್ನು ನೀನೇ ಕಂಡೆಯಲ್ಲೇ ಎಂದೆ. ಎಳೆದುಕೊಂಡು ಹೋದದ್ದು ಕಂಡೆ, ಸತ್ತದ್ದು ಕಂಡಿಲ್ಲವಲ್ಲ ಎಂದಳು.

ಶುಕ್ರವಾರದ ರಿವೇರಾ ಬಸ್ಸಿಗೆ ಟಿಕೆಟ್ ತೆಗೆದುಕೊಂಡು ಬಂದಿದ್ದಾಳೆ. ನೀನು ಹೋಗುವ ಬಸ್ಸೇ. ನಾಳೆ ನಾಲ್ಕು ಗಂಟೆಗೆ ಬೇಕರಿಗೆ ಬಂದು, ಅವಳ ಮುಖ ನೋಡಿ, ರಿವೇರಾದಲ್ಲಿ ಒಸ್ಮಾರ್ ಇಲ್ಲ ಎಂದು ನೀನೇ ಹೇಳಬೇಕು. ನಾನು ಹೇಳಿದರೆ ನಂಬುತ್ತಿಲ್ಲ.

ಇದನ್ನು ಬರೆಯುವಾಗಲೇ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿ ಹೋದಳು. ಮಗನಿಗೊಂದು ಅಂಗಿ ಕೊಳ್ಳಬೇಕಂತೆ, ಅಳತೆಗೆ ನೀನೀಗ ಎಷ್ಟು ದಪ್ಪಗಾಗಿದ್ದೀಯ ಎಂದು ತಿಳಿಯಬೇಕಂತೆ.