ನಾಲ್ಕು ಕ್ಯಾನು ನೀರು

ಅಪ್ಪಾ,

ಇವತ್ತು ಮೌಝಾಳನ್ನು ದೋಣಿಯಲ್ಲಿ ಖಸಬ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಿನ್ನ ಮಗಳು ಈಗ ಎಂಟು ತಿಂಗಳ ಬಸುರಿ. ಬೆಳಗಿನಿಂದಲೇ ಎದುರುಗಾಳಿ. ನಮ್ಮೂರು ಕುಮ್ಜಾರಿನ ಕೊಲ್ಲಿ ದಾಟುವಷ್ಟರಲ್ಲಿ ದೋಣಿ ಪ್ರತಿ ಅಲೆಗೂ ಮೂತಿ ಎತ್ತಿ ಧೊಪ್ಪನೆ ಬೀಳತೊಡಗಿತು. ಅವಳು ಹೊಟ್ಟೆ ಹಿಡಿದುಕೊಂಡು, "ಅಣ್ಣಾ, ಮೆಲ್ಲಗೆ" ಎಂದಳು.

"ಬೇಗ ಮುಟ್ಟಿದ್ರೆ ಬೇಗ ಮುಗಿಯುತ್ತೆ, ಸುಮ್ನೆ ಕೂತ್ಕೋ" ಎಂದೆ. ನಿನಗೂ ಅದನ್ನೇ ಹೇಳಿದ್ದೆ.

ಜೊತೆಗೆ ಬಂದಿದ್ದ ಖಲ್ಫಾನ್ ಸೋದರಮಾವನಿಗೆ ರೇಗಿತು.

"ಬಟ್ಟೆ ಒಗೆದ್ಹಾಗೆ ಒಗೀತಿದೀಯಲ್ಲೋ ಅವಳನ್ನ. ನೀರಿನ ಕ್ಯಾನೆಲ್ಲ ಇಂಜಿನ್ ಹತ್ರ ಗುಡ್ಡೆ ಹಾಕ್ಕೊಂಡ್ರೆ ದೋಣಿ ಮೂತಿ ಎತ್ತದೆ ಇನ್ನೇನು ಮಾಡುತ್ತೆ? ಮುಂದಕ್ಕೆ ಹಾಕು. ನಿಮ್ಮಪ್ಪ ಇದನ್ನೂ ಕಲಿಸ್ಲಿಲ್ವಾ?"

ಗಾಳಿ ನೋಡಿ ನೀನು ಆ ಕ್ಯಾನುಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತಿದ್ದೆ. ಏಕೆಂದು ನಾನು ಒಮ್ಮೆಯೂ ಕೇಳಲಿಲ್ಲ.

ತುಂಬಿದ ನಾಲ್ಕೂ ಕ್ಯಾನುಗಳನ್ನು ಮುಂದಕ್ಕೆ ಎಳೆದು ಕಟ್ಟಿದೆ. ಮೂತಿ ತಗ್ಗಿತು. ಅಲೆಗೆ ಓರೆಯಾಗಿ ಹಿಡಿದು, ಏರಿದಾಗಲೆಲ್ಲ ವೇಗ ಇಳಿಸಿದೆ. ದೋಣಿ ನೀರನ್ನು ಸೀಳಿಕೊಂಡು ಹೋಯಿತು. ಮೌಝಾ ಮಾವನ ಹೆಗಲಿಗೆ ಒರಗಿ ನಿದ್ದೆ ಹೋದಳು.

ಅವಳೂ ಹೊಟ್ಟೆಯಲ್ಲಿರುವ ಮಗುವೂ ಚೆನ್ನಾಗಿದ್ದಾರೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಬಂದಾಗಿನಿಂದ ದಡಕ್ಕೂ ಮನೆಗೂ ತಿರುಗುತ್ತಲೇ ಇದ್ದೇನೆ.

ನಿನ್ನನ್ನು ಇದೇ ದೋಣಿಯಲ್ಲಿ ಆಸ್ಪತ್ರೆಗೆ ಒಯ್ದ ದಿನ ನಿನಗೆ ಮಾತು ನಿಂತುಹೋಗಿತ್ತು. ಇದೇ ಗಾಳಿ, ಇದೇ ನನ್ನ ಅವಸರ. ನೀನು ಮಲಗಿದ್ದಲ್ಲಿಂದಲೇ ಕೈ ಎತ್ತಿ ಇಂಜಿನ್ ಪಕ್ಕದ ಕ್ಯಾನುಗಳನ್ನು ಮೂರು ಸಲ ತೋರಿಸಿದೆ.

ಮೂರು ಸಲವೂ ನಾನು ನಿನಗೆ ನೀರು ಕುಡಿಸಿದೆ.