ಬಾಲದ ಕೊಕ್ಕೆ

ಪ್ರೀತಿಯ ತಮ್ಮನಿಗೆ,

ಕೆಟ್ಟ ಕನಸು ಬಿತ್ತು ಕಣೋ. ನೀನು ಮ್ಯೂಸಿಯಂ ಚಾವಣಿಗೆ ತೂಗುಹಾಕಿದ ಕಡಲ ಮೊಸಳೆಯ ಅಸ್ಥಿಪಂಜರ ಬಾಲ ಬಡಿಯುತ್ತ ಕೆಳಗಿಳಿಯಿತು. ಕೆಳಗೆ ನಮ್ಮ ಪುಟ್ಟಿ ನಿಂತಿದ್ದಳು.

"ಕೋಟಿಗಟ್ಟಲೆ ವರ್ಷದ ಹಿಂದೆ ಸತ್ತಿದ್ದು ಈಗ ಯಾರನ್ನ ಕಚ್ಚತ್ತೆ?" ಎಂದು ನಿನ್ನ ಭಾವ ನಕ್ಕರು. ಕಚ್ಚುವುದಲ್ಲ, ಬೀಳುವುದೇ ನನ್ನ ಚಿಂತೆ.

ನಾನು ಶಾಲೆ ಅರ್ಧಕ್ಕೇ ಬಿಟ್ಟವಳು, ತಪ್ಪಿದ್ದರೆ ಬಯ್ಯಬೇಡ. ಪ್ಲಾಸ್ಟರಿನ ಬಾಲ ತೆಗೆದು, ಕಲ್ಲಾಗಿರುವ ನಿಜವಾದ ಮೂಳೆಗಳನ್ನೇ ಜೋಡಿಸಿದೆವು ಅಂತ ನೀನೇ ಅಂದೆ. ಭಾರ ಹೆಚ್ಚಿತಲ್ಲ, ಕೊಕ್ಕೆ ಬದಲಾಯಿಸಿದ ಮಾತನ್ನೇ ನೀನು ಆಡಲಿಲ್ಲ.

ಸೋಮವಾರ ಪುಟ್ಟಿಯ ಕ್ಲಾಸಿನವರು ಅದರ ಚಿತ್ರ ಬರೆಯಲು ಬರುತ್ತಾರೆ. ಹೋಗಬೇಡ ಅಂದರೆ, "ನಮ್ಮ ಮಾಮನೇ ಕಟ್ಟಿದ್ದು ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ" ಅನ್ನುತ್ತಾಳೆ. ಬಾಲದ ಕೆಳಗೇ ಜಾಗ ಹಿಡಿಯುತ್ತಾಳಂತೆ.

ಅದಕ್ಕೇ ಕೇಳುತ್ತಿದ್ದೇನೆ. ಏಣಿ ಹತ್ತಿ, ಬಾಲದ ಕೊಕ್ಕೆಯನ್ನು ಇನ್ನೊಮ್ಮೆ ಕೈಯಾರೆ ಎಳೆದು ನೋಡು.

ನಿನ್ನ ಅಕ್ಕ